ಅಂಟುವಾಳದ ಹಂಡೆ

ಮಕ್ಕಳೇ, ಬೆಂಕಿಪೊಟ್ಟಣ ಖಾಲಿಯಾದರೂ ಯಾರೂ ಎಸೆಯದಿದ್ದ ಕಾಲ ಅದು. ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಖಾಲಿ ಪೊಟ್ಟಣಗಳೆಲ್ಲ ನನ್ನ ಪಾಲು. ಆಗ ನಾನು ಆರನೇ ತರಗತಿ. ಯಾರಾದರೂ ಗದರಿಸಿ ಕೇಳಿದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಶಾಲೆಯಲ್ಲಿ ವಸ್ತುಪ್ರದರ್ಶನ ಎಂದಾಗ ನಮ್ಮ ಮನೆಯನ್ನೇ ಪುಟ್ಟದಾಗಿ ಮಾಡಲು ಕೂತೆ. ಕ್ಯಾಲೆಂಡರಿನ ರಟ್ಟು ನೆಲ, ಬೆಂಕಿಪೊಟ್ಟಣ ಗೋಡೆ, ಹುಣಸೆಬೀಜ ಮಣೆ, ಔಷಧಿ ಬಾಟಲಿಯ ಮುಚ್ಚಳ ಒರಳು. ಮೈದಾ ಅಂಟಿನ ಹುಳಿವಾಸನೆ ಊಟ ಮಾಡುವಾಗಲೂ ಬೆರಳಿನಲ್ಲಿರುತ್ತಿತ್ತು. ಮಣ್ಣಿನಲ್ಲಿ ಎರಡು ಒಲೆ ಮಾಡಿದೆ. ಒಂದು ಅಡುಗೆಯದು, ಇನ್ನೊಂದು ಬಚ್ಚಲಿನದು. ಬಚ್ಚಲೊಲೆಗೆ ಹಂಡೆ ಬೇಕಲ್ಲ? ಅಂಟುವಾಳದ ಕಾಯಿಯ ತಲೆ ಕೊಯ್ದು, ಬೀಜ ತೆಗೆದು, ಮಸಿ ಬಳಿದೆ. ಥೇಟ್ ನಮ್ಮ ಹಂಡೆಯೇ.

ಎರಡು ಒಲೆಗಳ ನಡುವಿನ ಗೋಡೆ ಅಂಟು ಹಿಡಿಯದೆ ಕಳಚಿ ಬಿತ್ತು. ಅದನ್ನು ಬಿಸಿಲಿಗಿಡಲು ಅಂಗಳಕ್ಕೆ ಹೋದೆ. ಹಂಡೆ ಮುಷ್ಟಿಯಲ್ಲೇ ಇತ್ತು. ವಾಪಸು ಬಂದರೆ ನನ್ನ ಮನೆಯೆದುರು ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು.

ಆ ವರ್ಷ ಒಂದೇ ಮನೆಯಲ್ಲಿದ್ದ ಅಪ್ಪನಿಗೂ ದೊಡ್ಡಪ್ಪನಿಗೂ ಸರಿಯಿರಲಿಲ್ಲ. ಪಾಲಿನ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನಮ್ಮ ಕಡೆ ಮನೆ ಒಡೆಯುವುದೆಂದರೆ ಮೊದಲು ಇನ್ನೊಂದು ಒಲೆ ಹೂಡುವುದು.

“ಇದೆಂತದೇ, ಅಡುಗೆಮನೇಲಿ ಎರಡು ಒಲೆ?”

ನಾನು ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದೆ.

“ಯಾರು ಹೇಳಿಕೊಟ್ಟಿದ್ದು?”

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಎಂತಾಯ್ತು ಅಕ್ಕಯ್ಯ?”

“ಎಂತ ಆಗೂದು? ನೀನು ಗಂಡನ ಕಿವೀಲಿ ಊದಿದ್ದನ್ನ ಮಗಳು ಕಟ್ಟಿ ನಿಲ್ಸಿದಾಳೆ. ನಾಳೆ ಶಾಲೆಗೂ ಹೊತ್ಕೊಂಡು ಹೋಗ್ತಾಳೆ, ಊರೆಲ್ಲ ನೋಡ್ಲಿ ಅಂತ!”

“ಮಗು ಆಟಕ್ಕೆ ಮಾಡಿದ್ದು.”

“ಆಟಕ್ಕೆ ಒಂದು ಒಲೆ ಸಾಲೂದಿಲ್ವಾ? ಹೇಳೇ ಕೂಸೇ, ಎರಡನೇದು ಯಾರಿಗೆ?”

ಮುಷ್ಟಿ ಬಿಚ್ಚಿದ್ದರೆ ಸಾಕಿತ್ತು. ಬಿಚ್ಚಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದೆ.

ದೊಡ್ಡಮ್ಮ ರಟ್ಟು ಸಮೇತ ಎತ್ತಿಕೊಂಡು ಹೋಗಿ ಬಚ್ಚಲೊಲೆಗೆ ತುರುಕಿದಳು. ಬೆಂಕಿಪೊಟ್ಟಣಗಳ ಬದಿಯ ಮದ್ದು ಚಿಟಿಚಿಟಿ ಎಂದಿತು. ಮೇಲೆ ಹಂಡೆಯಲ್ಲಿ ಅವಳದೇ ಸ್ನಾನದ ನೀರು ಕಾಯುತ್ತಿತ್ತು.

ಅಮ್ಮ ನನ್ನನ್ನು ಹಿತ್ತಿಲಿಗೆ ಎಳೆದೊಯ್ದು ಬೆನ್ನಿಗೆ ಎರಡು ಬಾರಿಸಿದಳು. ಆಗ ಮುಷ್ಟಿ ತಾನಾಗಿ ಬಿಚ್ಚಿತು. ಹಂಡೆಯನ್ನು ನೋಡಿದ ಕೂಡಲೇ ಅಮ್ಮನಿಗೆ ಎಲ್ಲ ತಿಳಿಯಿತು.

“ಇದನ್ನ ಆಗ್ಲೇ ತೋರ್ಸೋಕೆ ನಿಂಗೆ ಎಂತ ಬಂದಿತ್ತೇ?”

“ಈಗ ಹೋಗಿ ತೋರಿಸ್ಲಾ?”

ಅಮ್ಮ ಬಚ್ಚಲಿನ ಹೊಗೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿದಳು. “ಬೇಡ. ಅವಳು ಹಾಗೇ ಅಂದ್ಕೊಳ್ಳಲಿ.”

ಹದಿನೈದು ದಿನದಲ್ಲಿ ಜಗಲಿಯ ಮೂಲೆಯಲ್ಲಿ ನಮ್ಮ ಒಲೆ ಬೇರೆಯಾಯಿತು. ದೊಡ್ಡಮ್ಮನ ಕಡೆಯಿಂದ ಹಲಸಿನ ಹಪ್ಪಳ ಕರಿಯುವ ವಾಸನೆ ಬರುತ್ತಿತ್ತು, ಹಪ್ಪಳ ಬರುತ್ತಿರಲಿಲ್ಲ. ಪ್ರದರ್ಶನಕ್ಕೆ ನಾನು ಬರಿಗೈಯಲ್ಲಿ ಹೋದೆ.

ಎಷ್ಟೋ ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ನನ್ನ ಕೈ ಹಿಡಿದು ಕೇಳಿದಳು. “ಕೂಸೇ, ಆ ಎರಡನೇ ಒಲೆ ಯಾರಿಗೆ ಮಾಡಿದ್ಯೇ?”

ಅಷ್ಟು ಹೊತ್ತಿಗೆ ನನಗೆ ಮಾತು ಬರುತ್ತಿತ್ತು. ಬಚ್ಚಲಿಗೆ ಎಂದರೆ ಸಾಕಿತ್ತು.

“ನೆನಪಿಲ್ಲ ದೊಡ್ಡಮ್ಮ” ಎಂದೆ.

ನಿಮ್ಮ ಅಜ್ಜ ಇರುವವರೆಗೂ ಅವರಿಗೂ ಇದನ್ನು ಹೇಳಿರಲಿಲ್ಲ. ಮನೆ ಹೋಯಿತು, ಅಮ್ಮ ಹೋದಳು, ದೊಡ್ಡಮ್ಮನೂ ಹೋದಳು. ನನ್ನ ಈ ಬೆರಳುಗಳಿಂದ ಮತ್ತೆ ಒಂದು ಮಣೆಯೂ ಹುಟ್ಟಲಿಲ್ಲ. ಹೋದ ವಾರ ನೀವು ನನ್ನ ಕುಂಕುಮದ ಹಳೇ ಡಬ್ಬಿ ತೆಗೆದು, “ಅಜ್ಜಿ, ಈ ಒಣಕಾಯಿ ಬಿಸಾಡ್ಲಾ?” ಎಂದು ಕೇಳಿದಿರಿ. ಅದು ಕಾಯಿಯಲ್ಲ ಮಕ್ಕಳೇ. ನಾನು ಕ್ಷಮಿಸಲಿಲ್ಲ ಎನ್ನುವುದಕ್ಕೆ ಉಳಿದಿರುವುದು ಅದೊಂದೇ.