ಖಾದರಸಾಬರ ಟೆಂಪೋ ಮತ್ತು ನಾನು ಬರೆದ ಅರ್ಜಿ

ಕಳೆದ ಗುರುವಾರ ಬೆಟಗೇರಿಯ ಪೇಟೆಯಲ್ಲಿ ಮೆಂತೆಸೊಪ್ಪು ಆರಿಸುತ್ತಿದ್ದಾಗ ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಲೆದ್ದಿತು. ಎದುರಿಗೆ ಬರುತ್ತಿದ್ದ ಆಟೊದವನು ಗಕ್ಕನೆ ನಿಲ್ಲಿಸಿ, "ಎಲ್ಲಿಗ್ರೀ?" ಎಂದ. ಎಲ್ಲಿಗೂ ಇಲ್ಲಪ್ಪ ಎಂದೆ. "ಮತ್ಯಾಕ ಕೈ ಮಾಡಿದ್ರಿ?" ಎಂದು ಗೊಣಗಿಕೊಂಡು ಹೋದ. ತಪ್ಪು ನನ್ನದಲ್ಲ, ಲೋಬಾನದ್ದು. ಗುರುವಾರ ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತ ಬರುವ ಫಕೀರನೊಬ್ಬ ಅದೇ ಆಗ ನನ್ನ ಬೆನ್ನ ಹಿಂದೆ ಹಾದುಹೋಗಿದ್ದ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಟೆಂಪೋ ಬಂತು ಎಂದು ನನ್ನ ಕೈ ತಿಳಿದುಕೊಳ್ಳುತ್ತದೆ. ಹನ್ನೊಂದು ವರ್ಷದ ರೂಢಿ ಅದು. ಟೆಂಪೋ ಹೋಗಿಯೇ ಎರಡು ವರ್ಷವಾಯಿತು, ಕೈಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ಟೆಂಪೋ ಖಾದರಸಾಬರದು. ನಾನು ಆಗ ಲಕ್ಷ್ಮೇಶ್ವರದಲ್ಲಿದ್ದೆ. ಗದಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಿವೃತ್ತಿಯಾಗಿ ಬೆಟಗೇರಿಗೆ ಬಂದದ್ದು ಮೊನ್ನೆ ಮೊನ್ನೆ. ಖಾದರಸಾಬರೂ ನಮ್ಮೂರಿನವರೇ. ಹೊತ್ತು ಮೂಡುವ ಮುಂಚೆ ಶಿಗ್ಲಿಗೆ ಹೋಗಿ, ಅಲ್ಲಿಂದ ಗಾಡಿ ಬಿಟ್ಟು, ಲಕ್ಷ್ಮೇಶ್ವರದಲ್ಲಿ ನಮ್ಮನ್ನು ಹತ್ತಿಸಿಕೊಂಡು, ಮಾಗಡಿಯ ಮೇಲೆ ಹಾದು ಗದಗಿಗೆ ಮುಟ್ಟಿಸುತ್ತಿದ್ದರು. ದಿನಾ ಮುಂಜಾನೆ ಗಾಡಿಯೊಳಗೆ ಲೋಬಾನ ಹಾಕುವುದು ಅವರ ನೇಮ. ಅದರ ಜೊತೆಗೆ ಡೀಸೆಲ್ಲು, ಕಾದ ರೆಕ್ಸಿನ್ನು, ಶಿಗ್ಲಿಯ ದ್ಯಾಮವ್ವನ ಬುಟ್ಟಿಯ ಹಸಿಮೆಣಸಿನಕಾಯಿ, ಇಷ್ಟೂ ಸೇರಿದ ವಾಸನೆಯಲ್ಲಿ ನಾನು ಎಷ್ಟೋ ಸಾವಿರ ಉತ್ತರಪತ್ರಿಕೆ ತಿದ್ದಿದ್ದೇನೆ. ಗಾಡಿ ಜಿಗಿದಾಗ ಜಿಗಿದ ಅಂಕಗಳೂ ಒಂದಷ್ಟು ಇರಬೇಕು, ದೇವರು ಕ್ಷಮಿಸಲಿ.

ನಿಮಗೆ ಒಂದು ಪದ್ಧತಿ ಹೇಳಬೇಕು. ನಮ್ಮ ನಿಲ್ದಾಣದಲ್ಲಿ ಜನ ಸರತಿಯಲ್ಲಿ ನಿಲ್ಲುತ್ತಿರಲಿಲ್ಲ, ಚೀಲಗಳು ನಿಲ್ಲುತ್ತಿದ್ದವು. ಕಟ್ಟೆಯ ಮೇಲೆ ಚೀಲ ಇಟ್ಟು ಒಬ್ಬಳು ಮಗುವಿಗೆ ಔಷಧಿ ತರಲು ಹೋಗುವಳು, ಇನ್ನೊಬ್ಬಳು ಚಾ ಕುಡಿಯಲು. ಯಾವ ಚೀಲ ಯಾರದು ಎಂಬುದು ಖಾದರಸಾಬರಿಗೆ ಬಾಯಿಪಾಠ. ಚೀಲವನ್ನು ಸೀಟಿನ ಮೇಲಿಟ್ಟು, ಒಡತಿ ಬರುವತನಕ ಕಾಯುವರು. ಹಳ್ಳಿಗಳಲ್ಲೂ ಹಾಗೆಯೇ, ಸಿಡಿಯ ಮೇಲೆ, ಅಂದರೆ ರಸ್ತೆಯ ಸಣ್ಣ ಸೇತುವೆಯ ಮೇಲೆ, ಒಂದು ಚೀಲ ಕೂತಿದೆ ಎಂದರೆ ಗಾಡಿ ನಿಂತಂತೆಯೇ. ತಡವಾಯಿತೆಂದು ನಾನು ಗಡಿಯಾರ ತೋರಿಸಿದರೆ, "ಚೀಲ ಬಂದೈತಿ ಅಂದ ಮ್ಯಾಲ ಮಂದಿ ಬಂದ್ಹಂಗರೀ ಅಕ್ಕೋರ. ಬಿಟ್ಟು ಹ್ಯಾಂಗ ಹೋಗೂದು?" ಎನ್ನುವರು. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಆ ಮಾತಿನ ಮುಂದೆ ನನ್ನ ಗಡಿಯಾರ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಆಮೇಲೆ ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು. ಇದನ್ನು ಬೈಯಲು ನನ್ನ ನಾಲಿಗೆ ಏಳುವುದಿಲ್ಲ. ದ್ಯಾಮವ್ವ ಜನ್ಮದಲ್ಲಿ ಮೊದಲ ಸಲ ಬುಟ್ಟಿಯಿಲ್ಲದೆ, ಯಾರನ್ನೂ ಕೇಳದೆ, ತನ್ನ ಸಲುವಾಗಿಯೇ ಗದಗಿಗೆ ಹೋಗಿ, ಕಣ್ಣು ತೋರಿಸಿಕೊಂಡು, ಕನ್ನಡಕ ಹಾಕಿಕೊಂಡು ಬಂದಳು. ಕೈಯಲ್ಲಿ ಆಧಾರ ಕಾರ್ಡು ಹಿಡಿದು ಬಸ್ಸು ಹತ್ತುವಾಗ ಆ ಹೆಂಗಸರ ಮುಖದಲ್ಲಿದ್ದ ಗತ್ತನ್ನು ನೀವು ನೋಡಬೇಕಿತ್ತು. ಆದರೆ ನಾನು? ತಿಂಗಳಾದರೆ ಸಂಬಳ ಬರುವ ನಾನು ಎರಡನೆಯ ದಿನವೇ ಬಸ್ಸಿನ ಕಡೆ ನಡೆದೆ. ಅದೂ ಸೆರಗು ತಲೆಗೆ ಎಳೆದುಕೊಂಡು, ಖಾದರಸಾಬರ ಕಣ್ಣಿಗೆ ಬೀಳಬಾರದೆಂದು. ಅವರು ನೋಡಿಯೇ ನೋಡಿದರು. "ಹೋಗಿ ಬರ್ರಿ ಅಕ್ಕೋರ, ಬಸ್ಸೂ ನಮ್ದ ಐತಿ" ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿಗೆ ಚೀಲದ ಭಾಷೆ ತಿಳಿಯದು. ಹೆಂಗಸರು ಹಳೆಯ ರೂಢಿಯಂತೆ ಕಟ್ಟೆಯ ಮೇಲೆ ಚೀಲ ಇಟ್ಟು ಹೋದರು; ಬಸ್ಸು ಬಂತು, ಇದ್ದವರನ್ನು ತುಂಬಿಕೊಂಡು ಹೋಯಿತು, ಚೀಲಗಳು ಅಲ್ಲಿಯೇ ಕೂತಿದ್ದವು. ಡ್ರೈವರನದೇನು ತಪ್ಪು, ಅವನಿಗೆ ಅವನ ಹೊತ್ತು. ಮೊದಮೊದಲು ಆ ಅನಾಥ ಚೀಲಗಳನ್ನೂ ಅವುಗಳ ಒಡತಿಯರನ್ನೂ ಖಾದರಸಾಬರೇ ತರುತ್ತಿದ್ದರು. ಬರಬರುತ್ತ ಹೆಂಗಸರು ಚೀಲ ಬಗಲಲ್ಲೇ ಹಿಡಿದು ನಿಲ್ಲಲು ಕಲಿತರು. ಟೆಂಪೋದಲ್ಲಿ ನಾಲ್ಕೈದು ಗಂಡಸರು ಉಳಿದರು. ಒಂದು ದಿನ ಹೇಗಿದೆ ವ್ಯಾಪಾರ ಎಂದು ಕೇಳಿದೆ. "ನಮ್ಮನಿಯಾಕೀನ ಮುಂಡರಗಿಗೆ ತವರಮನಿಗೆ ಹೊಂಟಾಗ ಬಸ್ಸ ಹತ್ತಿದ್ಲರೀ. ನಾ ಟಾಟಾ ಮಾಡಿ ಬಂದ್ನಿ" ಎಂದರು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು ಖಾಲಿ ಸೀಟುಗಳ ಧೂಳು ಒರೆಸತೊಡಗಿದರು.

ಅಷ್ಟರಲ್ಲಿ ಟೆಂಪೋದವರ ನಡುವೆ ಒಂದು ಮಾತು ಹಬ್ಬಿತು: ಸಂಪಾದನೆ ಕಳೆದುಕೊಂಡ ಗಾಡಿಯವರು ಅರ್ಜಿ ಕೊಟ್ಟರೆ ಮೇಲಿನವರು ಏನಾದರೂ ಮಾಡಬಹುದಂತೆ. ಯಾರು ಹೇಳಿದರು, ಏನು ಮಾಡುತ್ತಾರೆ, ಯಾರಿಗೂ ಗೊತ್ತಿಲ್ಲ. ಖಾದರಸಾಬರು ನಮ್ಮ ಮನೆಗೆ ಬಂದು ಪಡಸಾಲೆಯ ತುದಿಗೆ ಕೂತರು. "ನಾ ಬಡವ ಅದೀನಿ, ಗಾಡಿ ಓಡವಲ್ತು, ಕೈ ಹಿಡೀರಿ ಅಂತ ನಾಕು ಸಾಲು ಬರದು ಕೊಡ್ರಿ ಅಕ್ಕೋರ. ನಿಮ್ಮ ಅಕ್ಷರ ನೋಡಿದ್ರ ಸಾಯೇಬ್ರು ಓದ್ತಾರ."

ನಾಲ್ಕು ಸಾಲು! ಮೂವತ್ತು ವರ್ಷ ಮಕ್ಕಳಿಗೆ 'ಉದಾಹರಣೆ ಸಹಿತ ವಿವರಿಸಿ' ಎಂದು ಹೇಳಿಕೊಟ್ಟವಳು ನಾನು. ಬಡವ ಎಂದರೆ ಯಾರು ನಂಬುತ್ತಾರೆ, ನೀವು ಮಾಡಿದ ಸೇವೆಯನ್ನು ಬರೆಯಬೇಕು ಎಂದೆ. ಅವರು ಹಿಂಜರಿದರು. "ಅದೆಲ್ಲಾ ಯಾಕ್ರೀ, ಬ್ಯಾಡ ಬಿಡ್ರಿ" ಎಂದರು. ಅವರ ಸಂಕೋಚವನ್ನು ನಾನು ವಿನಯವೆಂದು ತಿಳಿದೆ. ಮೂರು ಪುಟ ಬರೆದೆ. ಅರ್ಜಿದಾರರು ಪ್ರತಿನಿತ್ಯ ಮಾರ್ಗಮಧ್ಯದ ಎಲ್ಲ ಹಳ್ಳಿಗಳಲ್ಲೂ ವಾಹನ ನಿಲ್ಲಿಸಿ, ಕೈ ಮಾಡಿದ ಒಬ್ಬರನ್ನೂ ಬಿಡದೆ ಹತ್ತಿಸಿಕೊಳ್ಳುತ್ತಾರೆ ಎಂದು ಬರೆದೆ. ಆಸನಗಳು ಭರ್ತಿಯಾಗಿದ್ದರೂ ಗರ್ಭಿಣಿಯರನ್ನು, ರೋಗಿಗಳನ್ನು ಎಂದೂ ನಿರಾಕರಿಸಿಲ್ಲ ಎಂದು ಬರೆದೆ. ಚೀಲದ ಪದ್ಧತಿಗೇ ಒಂದು ಪ್ಯಾರಾ ಮೀಸಲಿಟ್ಟೆ. ಓದಿ ಹೇಳಿದಾಗ ಖಾದರಸಾಬರ ಕಣ್ಣು ಒದ್ದೆಯಾದವು. ತಮ್ಮ ಬದುಕನ್ನು ಯಾರೋ ಇಷ್ಟು ಚೆಂದಾಗಿ ನೋಡಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು. ಆ ಸಂತೋಷದಲ್ಲಿ ಅಂಜಿಕೆ ಮರೆತು ಸಹಿ ಹಾಕಿದರು. ನಿಮಗೂ ಇಂಥದೇ ಬರೆದುಕೊಡುತ್ತೇನೆ ಎಂದರೆ ಶಿರಹಟ್ಟಿ ಲೈನಿನ ಟೆಂಪೋದವರು ಮಾತ್ರ ಆ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ಮಾಡುತ್ತೇವೆ ಎಂದು ಜಾರಿಕೊಂಡರು. ಓದು ಬಾರದ ಮಂದಿ, ಇವರಿಗೇನು ತಿಳಿಯುತ್ತದೆ ಎಂದು ನಾನು ಅಂದುಕೊಂಡೆ.

ಅರ್ಜಿಗೆ ಉತ್ತರ ಬಂದ ದಿನ ಅವರ ಜೊತೆ ಗದಗಿನ ಸಾರಿಗೆ ಕಚೇರಿಗೆ ನಾನೂ ಹೋದೆ. ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟರು, ನೀರು ತರಿಸಿದರು. ಅರ್ಜಿಯ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು, ಥೇಟ್ ನಾನು ಉತ್ತರಪತ್ರಿಕೆಗಳಲ್ಲಿ ಎಳೆಯುವಂತೆ. "ಅಕ್ಕೋರ, ಇವರ ಪರ್ಮಿಟ್ ಏನೈತಿ ಗೊತ್ತೈತೇನು? ಮೊದಲ ಮಾತಾಡಿಕೊಂಡ ಒಂದು ತಂಡ ಕರಕೊಂಡು ಹೋಗಿ ಇಳಿಸೂದು. ನಡುವ ನಿಂದ್ರಸಂಗಿಲ್ಲ, ಹತ್ತಿಸಿಕೊಳ್ಳಂಗಿಲ್ಲ, ಒಬ್ಬರನ್ನೂ ಹೆಚ್ಚಿಗಿ ಕೂಡಸಂಗಿಲ್ಲ. ಇಷ್ಟು ವರ್ಷ ಎಲ್ಲಾರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಈಗ ತಾವ ಬರದು, ಸಹಿ ಮಾಡಿ ಕೊಟ್ಟಾರ. ಬಾಯಿಲೆ ಹೇಳಿದ್ರ ನಾ ಕೇಳಿಲ್ಲ ಅನಬಹುದಿತ್ತು. ಬರದದ್ದನ್ನ ಓದಿಲ್ಲ ಅಂತ ಹ್ಯಾಂಗ ಹೇಳ್ಲಿ?"

ಆ ಮೂರು ಪುಟದಲ್ಲಿ ನಾನು ಪುಣ್ಯವೆಂದು ಬರೆದದ್ದೆಲ್ಲ ನಿಯಮದ ಪುಸ್ತಕದಲ್ಲಿ ಅಪರಾಧವಾಗಿತ್ತು. ಖಾದರಸಾಬರಿಗೆ ಅದು ಮೊದಲೇ ಗೊತ್ತಿತ್ತು. ಅಕ್ಕೋರು ಬರೆದದ್ದು ತಪ್ಪಾಗಲಿಕ್ಕಿಲ್ಲ ಎಂಬ ಒಂದೇ ನಂಬಿಕೆಯಿಂದ ಅವರು ಸಹಿ ಹಾಕಿದ್ದರು.

ಸಹಾಯ ಏನಾದರೂ ಇದೆಯೇ ಎಂದು ಕೇಳಿದೆ. ಅಧಿಕಾರಿ ಮುಜುಗರದಿಂದ, ಈಗ ಪ್ರವಾಸೋದ್ಯಮಕ್ಕೆ ಒತ್ತು ಕೊಡುತ್ತಿದ್ದಾರೆ, ಮಾಗಡಿ ಕೆರೆಗೆ ದೂರದೇಶದ ಹಕ್ಕಿ ನೋಡಲು ಜನ ಬರುತ್ತಾರಲ್ಲ, ಅವರನ್ನು ಒಯ್ಯುವ ದಂಧೆ ಮಾಡಲಿ, ಅದಕ್ಕೆ ಈ ಪರ್ಮಿಟ್ ನಡೆಯುತ್ತದೆ ಎಂದರು. ಖಾದರಸಾಬರು ಆವತ್ತು ಆಡಿದ ಮಾತು ಅದೊಂದೇ: "ಸಾಯೇಬ್ರ, ಆ ಹಕ್ಕಿ ಥಂಡಿ ಮುಗದ್ರ ಹಾರಿ ಹೋಗ್ತಾವ್ರಿ. ನಾವು ಎಲ್ಲಿಗೆ ಹಾರೂದು?"

ಇನ್ನು ನಡುವೆ ನಿಲ್ಲಿಸಿ ಮಂದಿ ಹತ್ತಿಸಿಕೊಂಡರೆ ಪರ್ಮಿಟ್ಟೇ ರದ್ದು ಎಂದು ಎಚ್ಚರಿಸಿ ಕಳಿಸಿದರು. ಗಾಡಿ ಅಂಗಳದಲ್ಲಿ ನಿಂತಿತು. ಮಳೆಗಾಲ ಪೂರ್ತಿ ನಿಂತೇ ಇತ್ತು. ಕೊನೆಗೆ ಯಾರೋ ಹೊರಗಿನವರು ಬಂದು ಗಾಡಿ ಕೊಂಡು, ಸೀಟುಗಳನ್ನೆಲ್ಲ ಕಿತ್ತು ಅಲ್ಲಿಯೇ ಬಿಟ್ಟು, ಮೆಣಸಿನಕಾಯಿ ಹೇರಲು ಒಯ್ದರು. ಶಿರಹಟ್ಟಿ ಲೈನಿನ ಗಾಡಿಗಳು ಇವತ್ತಿಗೂ ಎಲ್ಲೆಂದರಲ್ಲಿ ನಿಲ್ಲಿಸುತ್ತ ಓಡಾಡುತ್ತಿವೆ, ಯಾರೂ ಕೇಳಿಲ್ಲ. ಅವರು ಬರೆದು ಕೊಟ್ಟಿರಲಿಲ್ಲ, ಅಷ್ಟೇ. ದ್ಯಾಮವ್ವನ ಬುಟ್ಟಿಗೆ ಮುಂಜಾನೆಯ ಬಸ್ಸಿನಲ್ಲಿ ಜಾಗ ಸಿಗದಾಯಿತು. ಅವಳು ಈಗ ಪುಕ್ಕಟೆಯಾಗಿ ಗದಗಿಗೆ ಹೋಗಬಹುದು, ಮಾರಲು ಮಾತ್ರ ಏನನ್ನೂ ಒಯ್ಯುವಂತಿಲ್ಲ.

ನಾನು ಮುಖ ತಪ್ಪಿಸಿದೆ. ಎರಡು ವರ್ಷ. ಖಾದರಸಾಬರ ಓಣಿಯನ್ನು ಬಳಸಿಕೊಂಡು ಹೋಗುತ್ತಿದ್ದೆ. ನಿವೃತ್ತಿಯಾದಾಗ ಲಕ್ಷ್ಮೇಶ್ವರ ಬಿಡಲು ನೂರು ಕಾರಣ ಹೇಳಿದೆ, ನಿಜವಾದದ್ದನ್ನು ಬಿಟ್ಟು. ಆದರೆ ಗುರುವಾರ ಪೇಟೆಯಲ್ಲಿ ಕೈ ಮೇಲೆದ್ದ ಮೇಲೆ ಮನಸ್ಸು ತಡೆಯಲಿಲ್ಲ. ಭಾನುವಾರ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ, ಅವರ ಮನೆಗೆ ಹೋದೆ.

ಅಂಗಳದಲ್ಲಿ ಟೆಂಪೋದ ಹಳೆಯ ಸೀಟೊಂದು ಗೋಡೆಗೆ ಒರಗಿತ್ತು. ಅದರ ಮೇಲೇ ನನ್ನನ್ನು ಕೂಡಿಸಿದರು. ಸೊರಗಿದ್ದರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. "ಚಾ ಕುಡೀರಿ ಮೊದಲ" ಎಂದರು. ಚಾ ಕುಡಿಯುವಷ್ಟರಲ್ಲಿ ಒಳಗಿನಿಂದ ಒಂದು ಛಾಪಿಸಿದ ಹಾಳೆ ತಂದರು. ಗದಗಿನ ಒಂದು ಹತ್ತಿಯ ಗೋದಾಮಿಗೆ ಕಾವಲುಗಾರ ಬೇಕಂತೆ. "ನೀವ ಬಂದದ್ದು ಚಲೋ ಆತು. ತುಂಬಿ ಕೊಡ್ರಿ ಅಕ್ಕೋರ" ಎಂದರು. ನನ್ನ ಕೈಗೇ ಮತ್ತೆ ಪೆನ್ನು ಕೊಟ್ಟರಲ್ಲ ಈ ಮನುಷ್ಯ, ನನಗೆ ಅಳು ಬಂತು.

ಹೆಸರು ಬರೆದೆ, ಊರು ಬರೆದೆ. ಮುಂದಿನ ಕಲಂ 'ಅನುಭವ'. ಇಪ್ಪತ್ತಾರು ವರ್ಷ ಲಕ್ಷ್ಮೇಶ್ವರದಿಂದ ಗದಗಿಗೆ ಎಂದು ಶುರು ಮಾಡಬೇಕು, ಅಷ್ಟರಲ್ಲಿ ಖಾದರಸಾಬರು ಹಾಳೆಯ ಮೇಲೆ ಅಂಗೈ ಇಟ್ಟರು.

"ಈ ಸಲ ಖರೆ ಬರೀಬ್ಯಾಡ್ರಿ ಅಕ್ಕೋರ."

"ಮತ್ತ ಏನಂತ ಬರೀಲಿ?"

"ಏನೂ ಇಲ್ಲ ಅಂತ ಬರೀರಿ."

ಅವರು ಕೈ ತೆಗೆದರು. ನಾನು 'ಇಲ್ಲ' ಎಂದು ಬರೆದೆ.