ಸಾವಿರದ ಒಂದು ಅಡಿಕೆ

ಹಂಪಾಪುರದ ಚಿಕ್ಕಬೀರಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಲೆಕ್ಕಗಳಲ್ಲಿ ಎರಡು ಜಾತಿ ಎಂಬುದನ್ನು ತಾನೇ ಕಂಡುಕೊಂಡಿದ್ದಳು: ಸಾಲಾಗಿ ಕೂರುವವು, ಕೂರದವು. ಗಂಡ ಬಿಟ್ಟುಹೋದ ಮೇಲೆ ಇಪ್ಪತ್ತು ವರ್ಷ ಹೊಗೆಸೊಪ್ಪು ಹದಮಾಡುವ ಊರಿನ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟಿದವಳು. ಬಿಡುವು ಸಿಕ್ಕಿತೋ, ಹುಣಿಸೆಬೀಜವನ್ನು ನೆಲದ ಮೇಲೆ ಸಮಸಮ ಸಾಲಿನಲ್ಲಿ ಜೋಡಿಸುವುದು ಅವಳ ಚಟ. ಹನ್ನೆರಡು ಹೇಗೆ ಬೇಕಾದರೂ ಕೂರುತ್ತದೆ. ಹದಿಮೂರು ಜಪ್ಪಯ್ಯ ಅಂದರೂ ಕೂರುವುದಿಲ್ಲ; ಒಂದೇ ಉದ್ದ ಸಾಲಾಗಿ ಮಲಗೀತು ಅಷ್ಟೆ. ಸಾಕ್ಷರತಾ ತರಗತಿ ನಡೆಸಲು ಬಂದ ಹುಡುಗಿ, ಇಂಥದ್ದಕ್ಕೆ ಅವಿಭಾಜ್ಯ ಸಂಖ್ಯೆ ಅನ್ನುತ್ತಾರೆ ಎಂದಳು.

"ಮೊಂಡು ಲೆಕ್ಕ ಅನ್ನು, ಸಾಕು" ಎಂದಳು ಚಿಕ್ಕಬೀರಮ್ಮ. ಊರು ಅವಳನ್ನೂ ಮೊಂಡಿ ಎಂದೇ ಕರೆಯುತ್ತಿತ್ತು. ಹಾಗಾಗಿ ಆ ಲೆಕ್ಕಗಳ ಮೇಲೆ ಅವಳಿಗೆ ನೆಂಟಸ್ತಿಕೆಯ ಪ್ರೀತಿ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಮಗಳು ಬೃಂದಾಳ ವೀಳ್ಯಶಾಸ್ತ್ರಕ್ಕೆ ಚುಂಚನಕಟ್ಟೆಯಿಂದ ಗಂಡಿನ ಕಡೆಯವರು ಬಂದರು. ಗಂಡು ವಸಂತನನ್ನು ಬೃಂದಾ ಮನಸಾರೆ ಒಪ್ಪಿದ್ದಳು. ಇದು ತಪ್ಪಿದರೆ, ಗಂಡ ಬಿಟ್ಟವಳ ಮಗಳಿಗೆ ಇನ್ನೊಂದು ಸಂಬಂಧ ಕೂಡಿಬರುವುದು ಕಷ್ಟವಿತ್ತು.

ವಸಂತನ ಸೋದರಮಾವ ನಂಜಣ್ಣ ದೊಡ್ಡ ಮೊರದ ತುಂಬ ಅಡಿಕೆ ತಂದು ಚಾಪೆಯ ಮೇಲಿಟ್ಟ. ಆ ಸೀಮೆಯ ಪದ್ಧತಿ ಅದು: ಸಂಸಾರ ಒಡೆಯಬಾರದೆಂದು ಒಡೆಯದ ಲೆಕ್ಕದಲ್ಲೇ ಅಡಿಕೆ ಕೊಡುವುದು. ನೂರಕ್ಕೋ ಸಾವಿರಕ್ಕೋ ಒಂದು ಸೇರಿಸಿಬಿಟ್ಟರೆ ಮುಗಿಯಿತು, ಅದು ಒಡೆಯುವುದಿಲ್ಲ ಎಂದು ನಂಬಿಕೆ.

"ಸಾವ್ರದೊಂದು! ಯಾರ್ ಬಂದ್ರೂ ಸಮವಾಗಿ ಒಡೆಯಕಾಗಕಿಲ್ಲ. ನಿಮ್ ಮದ್ವೇಲೂ ಇಂಗೆ ಮಾಡಿದ್ರೆ ನಿಮ್ ಯಜಮಾನ ಬುಟ್ಟೋಯ್ತಿದ್ನಾ ತಾಯಿ?" ಎಂದ ನಂಜಣ್ಣ.

ಬಂದವರು ನಕ್ಕರು. ಬೃಂದಾ ಕಣ್ಣಲ್ಲೇ ಬೇಡವ್ವ ಎಂದಳು. ಚಿಕ್ಕಬೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಕೇಳಿದ ಮಾತನ್ನು ತನ್ನ ಹಟ್ಟಿಯಲ್ಲೇ ಕೇಳಬೇಕೆ? ಮೊರವನ್ನೆತ್ತಿ ಅಂಗಳಕ್ಕೆ ಸುರಿದಳು. ಎಲೆ ಕಟ್ಟಿ ಪಳಗಿದ ಕೈ ಚಕಚಕನೆ ಓಡಿತು. ಒಂದೊಂದು ಸಾಲಿಗೆ ಹದಿಮೂರು. ಅಡಿಗೆಯವರೂ ಸೌಟು ಹಿಡಿದುಕೊಂಡೇ ಬಂದು ನಿಂತರು. ಎಪ್ಪತ್ತೇಳನೇ ಸಾಲು ತುಂಬಿದಾಗ ಒಂದು ಅಡಿಕೆಯೂ ಉಳಿದಿರಲಿಲ್ಲ.

"ಎಣಿಸ್ಕಳಿ" ಎಂದಳು.

ನಂಜಣ್ಣ ಎರಡು ಸಲ ಎಣಿಸಿದ. ಮುಖ ಕಪ್ಪಿಟ್ಟಿತು.

"ನನ್ ಮದ್ವೇಗೆ ನೂರೊಂದು ಕೊಟ್ಟಿದ್ರು ಕಣಣ್ಣ. ಅದು ದಿಟವಾಗ್ಲೂ ಒಡೆಯಕಿಲ್ಲ, ನಾನೇ ಕೂರ್ಸಿ ನೋಡಿವ್ನಿ. ಆದ್ರೂ ಅವ ಎರಡ್ನೇ ವರ್ಸಕ್ಕೇ ಬುಟ್ಟೋದ. ಅಡ್ಕೆ ಸಂಸಾರ ಕಾಯಕಿಲ್ಲ. ಅತ್ಸಾವ್ರದೊಂದು ತಂದು ಸುರೀರಿ, ಎಪ್ಪತ್ಮೂರು ಸಾಲ್ ಮಾಡಿ ಅದ್ನೂ ಒಡ್ದು ತೋರುಸ್ತೀನಿ!"

ಅದನ್ನು ಕಂಡುಕೊಳ್ಳಲು ಅವಳಿಗೆ ಮೂರು ಬೇಸಿಗೆ ಹಿಡಿದಿತ್ತು.

"ಅಪಸಕುನ! ಎದ್ದೇಳ್ರಲಾ, ಓಗವ" ಎಂದು ನಂಜಣ್ಣ ಟವೆಲ್ ಕೊಡವಿದ. ಒಬ್ಬೊಬ್ಬರೇ ಎದ್ದರು. ಬೃಂದಾಳ ಕಣ್ಣು ತುಂಬಿತು. ಕೆಟ್ಟೆನಲ್ಲ ಎಂದು ಚಿಕ್ಕಬೀರಮ್ಮನಿಗೆ ಅನ್ನಿಸಿತು, ಆದರೆ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಸಂತನೂ ಎದ್ದ. ಅವರ ಹಿಂದೆ ಹೋಗದೆ ಅಂಗಳಕ್ಕಿಳಿದು, ಕೊನೆಯ ಸಾಲಿನಿಂದ ಒಂದು ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡ. ಆಮೇಲೆ ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತ.

"ಈಗ ಬರೀ ಸಾವ್ರ ಕಣ್ ಮಾವ. ಎಂಗ್ ಬೇಕಾರೂ ಒಡೀತದೆ, ಒಡೀಲಿ ಬುಡಿ. ನಾನಂತೂ ಎದ್ದೋಗಕಿಲ್ಲ."

ಅಳಿಯನೂ ಮೊಂಡನೇ ಎಂದು ಚಿಕ್ಕಬೀರಮ್ಮನಿಗೆ ಆಗ ಖಾತ್ರಿಯಾಯಿತು.