ಎದೆಗೆ ಹೊಲಿದ ಗದ್ದ

ಅಂಗಡಿಗೆ ಬಂದವರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಆ ಇಕ್ಕಟ್ಟು ಅಂಗಡಿಯಲ್ಲಿ ಮೂವತ್ತೊಂದು ವರ್ಷ ಪ್ಯಾಂಟು, ಷರ್ಟು ಹೊಲಿದವರು. ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಸೊಂಟದ ಸುತ್ತಳತೆ ಹೇಳಿಬಿಡುವ ಕಣ್ಣು. ಹೊಟ್ಟೆ ಒಳಗೆಳೆದುಕೊಂಡು ನಿಂತವನಿಗೆ, "ಉಸಿರು ಬಿಡಿ ಸಾರ್, ಈ ಪ್ಯಾಂಟು ಹಾಕ್ಕೊಂಡು ಊಟ ಮಾಡೋದು ಬೇಡ್ವಾ?" ಎಂದು ಕಾಲೆಳೆಯುವ ಬಾಯಿ. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜಾ, ಗುಂಡಿ ನೋಡಿಕೊಳ್ಳುತ್ತಿದ್ದರು. ಪಕ್ಕಾ ಹೊಲಿಗೆ ಬೀಳುವವರೆಗೆ ಬಟ್ಟೆ ಜರುಗದಂತೆ ಹಾಕಿ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಮಾತ್ರ ಮಾಸ್ಟರ್ ಕೈಯದೇ. ಇಬ್ಬರ ನಡುವೆ ಮಾತಿಗಿಂತ ದಾರವೇ ಹೆಚ್ಚು ಓಡಾಡುತ್ತಿತ್ತು.

ಆ ಬಾಯಿ ಕಟ್ಟಿದ್ದು ನ್ಯುಮೋನಿಯಾದಿಂದ. ಇಪ್ಪತ್ತಮೂರು ದಿನ ಗಂಟಲಲ್ಲಿ ನಳಿಕೆ ಹಾಕಿಸಿಕೊಂಡು ಯಂತ್ರದ ಉಸಿರಿನಲ್ಲಿ ಬದುಕಿದರು. ಸತ್ತು ಬದುಕಿ ಬಂದರು ಎಂದು ನೆಂಟರಿಷ್ಟರು ಹಿಗ್ಗಿದರು. ಮಾಸ್ಟರ್‌ಗೆ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಬಡಿಸಿದರೆ ಉಂಡರು, ಹೊತ್ತಾದರೆ ಮಲಗಿದರು. ಅಂಗಡಿ ತೆರೆದರು, ಅಳತೆ ತೆಗೆದರು, ಆದರೆ ಯಾರ ಕಾಲನ್ನೂ ಎಳೆಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಉಸಿರಿಗೆ ಸೀಟಿ ಹತ್ತಿಕೊಂಡಿತು. ಉಬ್ಬಸ ಎಂದು ಒಬ್ಬ ಡಾಕ್ಟರ್ ಪಂಪು ಕೊಟ್ಟರು. ನಾಲ್ಕು ತಿಂಗಳು ಪಂಪು ಎಳೆದದ್ದೇ ಬಂತು. ಮೆಟ್ಟಿಲು ಹತ್ತುವುದಿರಲಿ, ಷರ್ಟಿಗೆ ಒಂದು ತೋಳು ಕೂಡಿಸುವಷ್ಟರಲ್ಲಿ ಏದುಸಿರು ಬಂದು ಸುಮ್ಮನೆ ಕೂರಬೇಕಾಗುತ್ತಿತ್ತು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ, ವಿಷಯ ಬಿಡಿಸಿ ಹೇಳಿದರು. ನಳಿಕೆ ಒತ್ತಿದ ಕಡೆ ಶ್ವಾಸನಾಳದ ಒಳಗೆ ಗಾಯವಾಗಿ, ಆ ಗಾಯ ಮಾಯುತ್ತ ಗಡುಸಾಗಿ, ಪೆನ್ಸಿಲ್ ತೂರುವಷ್ಟೂ ದಾರಿ ಉಳಿದಿರಲಿಲ್ಲ.

"ಹಿಗ್ಗಿಸಿ ನೋಡಬಹುದು, ಆದ್ರೆ ಮತ್ತೆ ಮುಚ್ಕೊಳ್ಳುತ್ತೆ. ಆ ಭಾಗಾನೇ ಕತ್ತರಿಸಿ ತೆಗೆದು ಎರಡೂ ತುದಿ ಕೂಡಿಸಿ ಹೊಲಿಯೋದು ಒಳ್ಳೇದು," ಎಂದರು ಡಾಕ್ಟರಮ್ಮ.

"ಎಷ್ಟು ತೆಗೀತೀರಿ?" ಮಾಸ್ಟರ್ ಕೇಳಿದರು.

"ಒಂದಿಂಚು."

"ಸರಿ," ಎಂದರು ಮಾಸ್ಟರ್, ಯಾರದೋ ಪ್ಯಾಂಟಿನ ಉದ್ದದ ಮಾತು ಎಂಬಂತೆ.

ಆಪರೇಷನ್ ಐದು ಗಂಟೆ ಹಿಡಿಯಿತು. ಎಚ್ಚರವಾದಾಗ ಗದ್ದವನ್ನು ಎದೆಯ ಚರ್ಮಕ್ಕೆ ದಪ್ಪ ದಾರದಿಂದ ಹೊಲಿದಿದ್ದರು. ತಲೆ ಎತ್ತಿದರೆ ಒಳಗಿನ ಹೊಲಿಗೆ ಜಗ್ಗಿ ಬಿಟ್ಟುಕೊಳ್ಳಬಹುದು, ಬಿಟ್ಟುಕೊಂಡರೆ ಜೀವಕ್ಕೇ ಕುತ್ತು, ಏಳು ದಿನ ತಲೆ ತಗ್ಗಿಸಿಯೇ ಇರಬೇಕು ಎಂದು ಡಾಕ್ಟರಮ್ಮ ಅವರಿಗೂ ಹೆಂಡತಿಗೂ ಎರಡೆರಡು ಸಲ ಹೇಳಿದರು. ಸೀಟಿ ನಿಂತಿತ್ತು. ಗಾಳಿ ಸಲೀಸಾಗಿ ಹೋಗಿ ಬರುತ್ತಿತ್ತು. ಹೆಂಡತಿ ಅವರ ಮುಖದ ಹತ್ತಿರ ಕಿವಿ ತಂದು, ಸದ್ದೇ ಇಲ್ಲವೆಂದು ಕಣ್ಣು ತುಂಬಿಕೊಂಡರು. ಮಾಸ್ಟರ್ ತಮ್ಮ ಹೊಟ್ಟೆಯ ಮೇಲಿನ ಹೊದಿಕೆಯನ್ನೇ ನೋಡುತ್ತಿದ್ದರು. ಅದರ ಅಂಚನ್ನು ಯಾರೋ ಸೊಟ್ಟಗೆ ಹೊಲಿದಿದ್ದರು.

ನಾಲ್ಕನೆಯ ದಿನ ಹೆಂಡತಿ, ಗುಂಡಿ ಹಾಕಲು ತಂದಿದ್ದ ಷರ್ಟುಗಳನ್ನು ಮಂಚದ ಮೇಲಿಟ್ಟು ಟೀ ತರಲು ಹೋದರು. ದಾರ ಕತ್ತರಿಸುವ ಪುಟ್ಟ ಕತ್ತರಿ ಷರ್ಟಿನ ಮೇಲೇ ಇತ್ತು. ಮಾಸ್ಟರ್ ಅದನ್ನು ಕೈಗೆತ್ತಿಕೊಂಡು, ಗದ್ದದ ಕೆಳಗೆ ಬೆರಳಾಡಿಸಿ ದಾರ ಹುಡುಕಿದರು. ಭಯವಿಲ್ಲ, ದುಃಖವಿಲ್ಲ, ಏನೂ ಇಲ್ಲ. ಮೊದಲು ಎಡಗಡೆಯ ದಾರ ಕತ್ತರಿಸಿದರು, ಆಮೇಲೆ ಬಲಗಡೆಯದು.

ತಲೆ ಇನ್ನೇನು ಮೇಲೇಳುವಷ್ಟರಲ್ಲಿ ನರ್ಸ್ ನೋಡಿ, ಓಡಿ ಬಂದು ಹಿಂದಲೆ ಒತ್ತಿ ಹಿಡಿದಳು. ಡಾಕ್ಟರಮ್ಮ ಬಂದು ಕ್ಯಾಮೆರಾ ಇಳಿಸಿ ನೋಡಿದರು. ಪುಣ್ಯಕ್ಕೆ ಒಳಗಿನ ಹೊಲಿಗೆ ಅಲುಗಿರಲಿಲ್ಲ. ಅಷ್ಟರಲ್ಲಿ ಟೀ ಹಿಡಿದು ಬಂದ ಹೆಂಡತಿಗೆ, ಇನ್ನೊಂದು ಗಂಟೆಯೊಳಗೆ ಹೊಸ ಹೊಲಿಗೆ ಹಾಕುತ್ತೇನೆ, ಅಲ್ಲಿಯವರೆಗೆ ನೀವೇ ತಲೆ ಹಿಡಿದಿರಿ ಎಂದು ಒಪ್ಪಿಸಿದರು.

"ಏನ್ ಮಾಡೋಕೆ ಹೋಗಿದ್ರಿ ಮಾಸ್ಟರ್?" ಡಾಕ್ಟರಮ್ಮ ಕೇಳಿದರು.

"ಕೈ ಚಟ ಮೇಡಂ," ಮಾಸ್ಟರ್ ಪಿಸುಗುಟ್ಟಿದರು. "ಕಚ್ಚಾ ಹೊಲಿಗೆ ಕಂಡ್ರೆ ಬಿಚ್ಚಿಬಿಡ್ತೀನಿ."

ನರ್ಸ್ ಕಿಸಕ್ಕನೆ ನಕ್ಕಳು. ಬೈಯಲು ಹೊರಟಿದ್ದ ಡಾಕ್ಟರಮ್ಮನೂ ನಕ್ಕುಬಿಟ್ಟರು. ಟೈಲರೊಬ್ಬ ತನ್ನ ಹೊಲಿಗೆ ತಾನೇ ಬಿಚ್ಚಿಕೊಂಡನಂತೆ ಎಂಬ ಸುದ್ದಿ ವಾರ್ಡಿನ ತುಂಬ ಹರಡಿತು.

ಹೆಂಡತಿ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ, ಅಂಗೈಯನ್ನು ಅವರ ಹಿಂದಲೆಯ ಮೇಲೆ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: "ಪಕ್ಕಾ ಹೊಲಿಗೆ ಬೀಳೋ ಮುಂಚೆ ನೀವು ಕಚ್ಚಾ ದಾರ ಮುಟ್ಟಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ ರೀ. ನಾನು ಮುಟ್ಟಿದ್ರೆ ಬೈತಿದ್ರಿ."

ಮಾಸ್ಟರ್ ಹೊದಿಕೆಯ ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿದರು.

"ನಂಗೆ ಏನೂ ಅನ್ನಿಸ್ತಿಲ್ಲ ಕಣೆ," ಎಂದರು. "ಆ ನಳಿಕೆ ತೆಗೆದ ದಿನದಿಂದಾನೂ. ಬೇಜಾರು ಕೂಡ ಇಲ್ಲ."

"ಗೊತ್ತು. ನಂಗೆ ಅನ್ನಿಸ್ತಿದೆಯಲ್ಲ. ಸದ್ಯಕ್ಕೆ ಅಷ್ಟು ಸಾಕು."

ಅರ್ಧ ಗಂಟೆ ಕಳೆಯಿತು. ಹೆಂಡತಿಯ ಕೈ ನಡುಗತೊಡಗಿತು. ಆದರೂ ಅವರು ಕೈ ಬದಲಿಸಲಿಲ್ಲ. ಬದಲಿಸುವ ಆ ಒಂದು ಗಳಿಗೆಗೂ ಗಂಡನನ್ನು ನಂಬುವ ಧೈರ್ಯ ಅವರಿಗಿರಲಿಲ್ಲ. ಅದು ಮಾಸ್ಟರ್‌ಗೆ ಅರ್ಥವಾಯಿತು. ಅರ್ಥವಾದದ್ದು ಎದೆಯಲ್ಲಿ ಎಲ್ಲೋ ಚುಚ್ಚಿತು, ಸಣ್ಣಗೆ. ಗದ್ದವನ್ನು ತಾವಾಗಿಯೇ ಎದೆಗೆ ಒತ್ತಿಕೊಂಡರು.

"ಕೈ ತೆಗಿ, ನೋಯುತ್ತೆ ನಿಂಗೆ. ನಾನೇ ಹಿಡ್ಕೋತೀನಿ."

ಡಾಕ್ಟರಮ್ಮ ಸೂಜಿ ದಾರ ಹಿಡಿದು ಬರುವವರೆಗೂ ಹೆಂಡತಿ ಕೈ ತೆಗೆಯಲಿಲ್ಲ.